ಕಣ್ಣು ಹಳದಿಯಾಗದ ಕಾಮಾಲೆ

ಸಾಗರದ ಕಡೆಯ ಓದುಗರೊಬ್ಬರು ಎರಡು ಹಾಳೆ ತುಂಬ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ತಮ್ಮ ರಕ್ತದಾನ ಶಿಬಿರಕ್ಕೆ ಹೋಗಿದ್ದ. ಕೆಲವು ದಿನ ಬಿಟ್ಟು ಫೋನ್ ಬಂತು: ಹೆಪಟೈಟಿಸ್ ಬಿ ಪಾಸಿಟಿವ್, ಅಂದರೆ ಲಿವರಿಗೆ ತಗುಲುವ ಒಂದು ವೈರಸ್ ರಕ್ತದಲ್ಲಿದೆ ಅಂತ. ಈಗ ಮನೆಯಲ್ಲಿ ಅವನಿಗೆ ಬೇರೆ ತಟ್ಟೆ, ಬೇರೆ ಲೋಟ. ಹೆಂಡತಿ ಆರು ತಿಂಗಳ ಬಸುರಿ. ಪಕ್ಕದ ಊರಿನ ನಾಟಿ ವೈದ್ಯರು ನೆಲನೆಲ್ಲಿ ಕೊಡ್ತೀನಿ, ನಲವತ್ತೆಂಟು ದಿನದಲ್ಲಿ ವಾಸಿ ಅಂದಿದ್ದಾರಂತೆ. ಕೊನೆಯಲ್ಲಿ ನಮಗೂ ಒಂದು ಏಟು: "ಹೋದ ಸಂಚಿಕೆಯಲ್ಲಿ ಲಿವರ್ ಕ್ಯಾನ್ಸರಿಗೆ ಹೊಸ ಇಂಜೆಕ್ಷನ್ ಅಂತ ಎರಡು ಪುಟ ಬರೆದಿರಿ. ಅಷ್ಟು ದುಡ್ಡಿನ ಔಷಧಿ ಕಟ್ಟಿಕೊಂಡು ನಮ್ಮಂಥವರಿಗೆ ಏನಾಗಬೇಕು?"

ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಆ ಲೇಖನವನ್ನು ಅಚ್ಚಿಗೆ ಕಳಿಸಿದವನು ನಾನೇ. ಕ್ಯಾನ್ಸರ್ ಬಂದ ಮೇಲೆ ಏನು ಕೊಡುತ್ತಾರೆ ಅಂತ ಅದರಲ್ಲಿತ್ತು. ಬರುವುದು ಎಲ್ಲಿಂದ ಅಂತ ಒಂದು ಸಾಲೂ ಇರಲಿಲ್ಲ. ಆ ಬಾಕಿ ಇವತ್ತು ತೀರಿಸುತ್ತೇನೆ.

ಮೊದಲು ನೆಲನೆಲ್ಲಿ. ನಾನೂ ಅದನ್ನು ಕುಡಿದವನೇ. ಒಂಬತ್ತನೇ ವಯಸ್ಸಿನಲ್ಲಿ ಕಾಮಾಲೆ ಬಂದಾಗ ಅಜ್ಜಿ ಬೆಳಗಿನ ಜಾವ ಎಬ್ಬಿಸಿ, ಬೇರು ಸಮೇತ ಅರೆದ ಸೊಪ್ಪನ್ನು ಮಜ್ಜಿಗೆಯಲ್ಲಿ ಕದಡಿ, ಮೂಗು ಹಿಡಿದು ಕುಡಿಸುತ್ತಿದ್ದರು. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಬರೀ ಗಂಜಿ. ಮೂರು ವಾರದಲ್ಲಿ ಕಣ್ಣಿನ ಹಳದಿ ಹೋಯಿತು. ಹೆಸರು ಬಂದಿದ್ದು ಸೊಪ್ಪಿಗೆ. ಆದರೆ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬರುವ ಕಾಮಾಲೆ ಹೆಚ್ಚಾಗಿ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ. ಇನ್ನೊಂದು ಇ. ಇವು ಸಾಮಾನ್ಯವಾಗಿ ತಾವಾಗಿಯೇ ಹೋಗುತ್ತವೆ. ನಾನು ಮಜ್ಜಿಗೆ ಮಾತ್ರ ಕುಡಿದಿದ್ದರೂ ಬಹುಶಃ ಮೂರೇ ವಾರ ಹಿಡಿಯುತ್ತಿತ್ತು. (ಬಸುರಿಯರಿಗೆ ಇ ಬಂದರೆ ಮಾತ್ರ ಅಪಾಯ ಜಾಸ್ತಿ. ತಮ್ಮನ ಹೆಂಡತಿ ಈಗ ಕಾಯಿಸಿದ ನೀರನ್ನೇ ಕುಡಿಯಲಿ.)

ಬಿ ಹಾಗಲ್ಲ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಜನ ಅದನ್ನು ಓಡಿಸಿಬಿಡುತ್ತಾರೆ. ಹುಟ್ಟುವಾಗಲೇ ತಗುಲಿದರೆ ಲೆಕ್ಕ ತಿರುಗುಮುರುಗು: ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ಊಟ ಸೇರುತ್ತದೆ, ಕೆಲಸ ನಡೆಯುತ್ತದೆ. ಮೂವತ್ತು ನಲವತ್ತು ವರ್ಷ ಸುಮ್ನೆ ಕೂತಿರುತ್ತದೆ. ನಿಮ್ಮ ತಮ್ಮನಿಗೆ ಗೊತ್ತಾಗದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಂತ ನೆಲನೆಲ್ಲಿಯನ್ನು ಯಾರೂ ಪರೀಕ್ಷಿಸದೇ ತಳ್ಳಿಹಾಕಲಿಲ್ಲ. ಮದ್ರಾಸಿನಲ್ಲಿ ತ್ಯಾಗರಾಜನ್ ಮತ್ತು ಸಂಗಡಿಗರು ಬಿ ವೈರಸ್ ಇದ್ದವರಿಗೆ ಒಂದು ತಿಂಗಳು ಅದರ ಪುಡಿ ಕೊಟ್ಟು ನೋಡಿದರು. 1988ರಲ್ಲಿ ಫಲಿತಾಂಶ ಬಂತು. ಪುಡಿ ತಿಂದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಔಷಧಿಯಿಲ್ಲದ ಪುಡಿ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಜಗತ್ತೇ ತಿರುಗಿ ನೋಡಿತು. ಆಮೇಲೆ ಥಾಯ್ಲೆಂಡಿನಲ್ಲಿ ಮಾಡಿದರು, ನ್ಯೂಜಿಲೆಂಡಿನಲ್ಲಿ ಮಾಡಿದರು. ಆ ಫಲ ಮತ್ತೆ ಸಿಗಲಿಲ್ಲ. ನಾಟಿ ವೈದ್ಯರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ವಾಸಿಯಾದ ಕಾಮಾಲೆಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅವು ಬೇರೆ ಕಾಮಾಲೆ, ಅಷ್ಟೇ.

ಆ 1988ರ ವರದಿಯಲ್ಲಿ ಇನ್ನೊಂದು ಹೆಸರಿದೆ: ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್. ಬಿ ವೈರಸ್ಸಿನ ಸುಳಿವು ಹಿಡಿದವರೇ ಅವರು, ಅದೂ ಹುಡುಕದೆ. ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕಿಂತ ಯಾಕೆ ಬೇರೆ ಅಂತ ದೇಶದೇಶದ ರಕ್ತ ಕೂಡಿಸುತ್ತಿದ್ದರು. ಹಲವು ಸಲ ರಕ್ತ ಹಾಕಿಸಿಕೊಂಡ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯ ಸೀರಂ, ಅಂದರೆ ರಕ್ತದ ತಿಳಿ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಂ ಜೊತೆ ಸೇರಿದಾಗ ಒಂದು ಗೆರೆ ಮೂಡಿತು. ಆ ಗೆರೆ ಮೂಡಿಸಿದ ವಸ್ತುವನ್ನು ಆಸ್ಟ್ರೇಲಿಯಾ ಆಂಟಿಜೆನ್ ಅಂತ ಕರೆದರು. ಅದು ಬಿ ವೈರಸ್ಸಿನ ಹೊರಮೈಯ ತುಣುಕು ಅಂತ ಆಮೇಲೆ ಗೊತ್ತಾಯಿತು. 1967ರಲ್ಲಿ ಅವರ ಲ್ಯಾಬಿನ ಟೆಕ್ನೀಷಿಯನ್ ಬಾರ್ಬರಾ ವರ್ನರ್ ಅವರಿಗೆ ಮೈ ಸರಿ ಇರಲಿಲ್ಲ. ಒಂದು ಸಂಜೆ ತಮ್ಮದೇ ರಕ್ತವನ್ನು ಪರೀಕ್ಷೆಗೆ ಇಟ್ಟರು. ಬೆಳಿಗ್ಗೆ ಬಂದು ನೋಡಿದರೆ ಮಸುಕಾದ ಗೆರೆ. ಆ ಟೆಸ್ಟಿನಿಂದ ಪತ್ತೆಯಾದ ಮೊದಲ ಹೆಪಟೈಟಿಸ್ ಅದು. ಅವರಿಗೆ ಮುಂದೆ ಕಾಮಾಲೆಯೂ ಬಂತು, ಪೂರ್ತಿ ಗುಣವೂ ಆಯಿತು. ನಿಮ್ಮ ತಮ್ಮನ ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಅಂತ ಬರೆದಿದೆಯಲ್ಲ, ಅದು ಇದೇ ಆಂಟಿಜೆನ್ನಿನ ಇವತ್ತಿನ ಹೆಸರು.

ಇದಕ್ಕೂ ಕ್ಯಾನ್ಸರಿಗೂ ನಂಟಿದೆ ಅಂತ ಗಟ್ಟಿಯಾಗಿ ತೋರಿಸಿದ್ದು ತೈವಾನ್. ಅಲ್ಲಿ ಬೀಸ್ಲಿ ಎಂಬ ವೈದ್ಯರು 22,707 ಗಂಡಸರನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. 1981ರಲ್ಲಿ ಲೆಕ್ಕ ಕೊಟ್ಟಾಗ ಲಿವರ್ ಕ್ಯಾನ್ಸರಿನಿಂದ ಸತ್ತವರು 41. ಅವರಲ್ಲಿ 40 ಜನರ ರಕ್ತದಲ್ಲಿ ಮೊದಲೇ ಬಿ ಇತ್ತು. ನಲವತ್ತೊಂದರಲ್ಲಿ ನಲವತ್ತು! ಮೂರು ವರ್ಷಕ್ಕೆ, 1984ರಲ್ಲಿ, ಅಲ್ಲಿನ ಸರ್ಕಾರ ಹುಟ್ಟಿದ ಮಕ್ಕಳಿಗೆ ಲಸಿಕೆ ಹಾಕಲು ಶುರು ಮಾಡಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ 0.70 ಇದ್ದ ಲಿವರ್ ಕ್ಯಾನ್ಸರ್ ಹತ್ತೇ ವರ್ಷದಲ್ಲಿ 0.36ಕ್ಕೆ ಇಳಿಯಿತು. ನನ್ನನ್ನು ಕೇಳಿದರೆ ಲಿವರ್ ಕ್ಯಾನ್ಸರಿನ ದೊಡ್ಡ ಔಷಧಿ ಇದೇ. ಹೋದ ಸಂಚಿಕೆಯ ಎರಡು ಪುಟ ಇದಕ್ಕೆ ಹೋಗಬೇಕಿತ್ತು.

ನಮ್ಮಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಈ ಲಸಿಕೆಯನ್ನು ದೇಶದಲ್ಲೇ ತಯಾರಿಸಿ ಬೆಲೆ ಇಳಿಸಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಬಿಟ್ಟಿ.

ಇನ್ನು ಆ ದುಬಾರಿ ಇಂಜೆಕ್ಷನ್. ಲೇಖನದಲ್ಲಿ ಇದ್ದದ್ದು ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಜೋಡಿ. 2020ರಿಂದ ಬಳಕೆಯಲ್ಲಿದೆ. ಕ್ಯಾನ್ಸರ್ ಹರಡಿ ಕತ್ತರಿಸಲು ಬಾರದ ಹಂತದ ರೋಗಿಗಳಲ್ಲಿ, ಹಳೆಯ ಸೊರಾಫೆನಿಬ್ ಮಾತ್ರೆ ತಿಂದವರ ಪೈಕಿ ಅರ್ಧದಷ್ಟು ಜನ 13.4 ತಿಂಗಳು ದಾಟಿದ್ದರೆ, ಈ ಜೋಡಿಯಲ್ಲಿ 19.2 ತಿಂಗಳು ದಾಟಿದರು. ಆರು ತಿಂಗಳು ಅಂದರೆ ಕಮ್ಮಿಯಲ್ಲ, ಮನೆಯವರನ್ನು ಕೇಳಿ. ಬೆಲೆಯ ಮಾತು ಒಪ್ಪುತ್ತೇನೆ. ಆದರೆ ಆ ಸೊರಾಫೆನಿಬ್ ಕೂಡ ಒಂದು ಕಾಲಕ್ಕೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. 2012ರಲ್ಲಿ ಸರ್ಕಾರ, ಪೇಟೆಂಟ್ ಬೇರೆಯವರದ್ದಾದರೂ ತಯಾರಿಸಬಹುದು ಅನ್ನುವ ಕಡ್ಡಾಯ ಲೈಸೆನ್ಸ್ ಕೊಟ್ಟು ನ್ಯಾಟ್ಕೋ ಕಂಪನಿಯಿಂದ 8,880 ರೂಪಾಯಿಗೆ ಮಾರಿಸಿತು. ದೇಶದಲ್ಲಿ ಅಂಥದ್ದು ಅದೇ ಮೊದಲು.

ನಿಮ್ಮ ತಮ್ಮನಿಗೆ ಇದ್ಯಾವುದೂ ಈಗ ಬೇಡ. ಅವನಿಗೆ ಬೇಕಾಗಿರುವುದು ಲಿವರ್ ಡಾಕ್ಟರು, ವೈರಸ್ ಎಷ್ಟಿದೆ ಅನ್ನುವ ರಕ್ತ ಪರೀಕ್ಷೆ, ಲಿವರ್ ಗಟ್ಟಿಯಾಗಿದೆಯಾ ಅಂತ ನೋಡುವ ಸ್ಕ್ಯಾನ್. ಪಾಸಿಟಿವ್ ಬಂದವರಿಗೆಲ್ಲ ಮಾತ್ರೆ ಬೇಕಾಗುವುದಿಲ್ಲ. ಬೇಕಾದರೆ ದಿನಕ್ಕೊಂದು ಟೆನೊಫೊವಿರ್, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದಕ್ಕೆ ದುಡ್ಡಿಲ್ಲ. ಅದು ವೈರಸ್ಸನ್ನು ಪೂರ್ತಿ ಕಿತ್ತುಹಾಕುವುದಿಲ್ಲ, ಅಮುಕಿ ಇಡುತ್ತದೆ. ಕ್ಯಾನ್ಸರಿನ ಭಯವೂ ಕಮ್ಮಿಯಾಗುತ್ತದೆ. ಹುಷಾರಾದೆ ಅಂತ ತಾನೇ ನಿಲ್ಲಿಸಿದರೆ ಲಿವರ್ ಏಕಾಏಕಿ ಕೆರಳಬಹುದು. (ಹೆಪಟೈಟಿಸ್ ಸಿ ಆಗಿದ್ದರೆ ಹನ್ನೆರಡು ವಾರದ ಮಾತ್ರೆಯಲ್ಲಿ ಕಥೆ ಮುಗಿಯುತ್ತಿತ್ತು. ಬಿ ಇನ್ನೂ ಆ ಹಂತಕ್ಕೆ ಬಂದಿಲ್ಲ.) ಡಾಕ್ಟರು ಹೇಳಿದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ತಪ್ಪಿಸಬೇಡಿ. ಗಡ್ಡೆ ಎರಡು ಸೆಂಟಿಮೀಟರ್ ಇದ್ದಾಗ ಸಿಕ್ಕರೆ ಕತ್ತರಿಸಬಹುದು, ಸೂಜಿ ಚುಚ್ಚಿ ಸುಡಬಹುದು. ಹತ್ತು ಸೆಂಟಿಮೀಟರ್ ಆದ ಮೇಲೆ ದಾರಿಗಳು ಕಮ್ಮಿ. ನೆಲನೆಲ್ಲಿ ತಿನ್ನುತ್ತಿದ್ದರೆ ಅದನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಲಿ. ಕುಡಿತ ಇದ್ದರೆ ಇವತ್ತೇ ಬಿಡಲಿ.

ತಮ್ಮನ ಹೆಂಡತಿಯ ಬಸುರಿ ತಪಾಸಣೆಯ "ತಾಯಿ ಕಾರ್ಡ್" ತೆಗೆದು ನೋಡಿ, ಹೆಪಟೈಟಿಸ್ ಬಿ ಟೆಸ್ಟ್ ಆಗಿರಬೇಕು. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು, ಡಿಸ್ಚಾರ್ಜ್ ದಿನ ಅಲ್ಲ. ತಾಯಿಗೂ ಪಾಸಿಟಿವ್ ಬಂದರೆ ಮಗುವಿಗೆ ಜೊತೆಯಲ್ಲೇ ಇಮ್ಯುನೊಗ್ಲೋಬುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಇಂಜೆಕ್ಷನ್ ಕೂಡ ಬೇಕು. ಅದು ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಮೊದಲೇ ಕೇಳಿಡಿ.

ನೀವು ಎರಡು ಹಾಳೆಯಲ್ಲಿ ಎಲ್ಲ ಬರೆದಿರಿ, ಒಂದು ಮಾತು ಬಿಟ್ಟಿರಿ. ತಮ್ಮನಿಗೆ ಅದು ಹುಟ್ಟಿನಿಂದಲೇ ಬಂದಿರಬಹುದು ಅಲ್ವಾ? ಹಾಗಿದ್ದರೆ ನಿಮ್ಮ ಅಮ್ಮನಿಗೂ ನಿಮಗೂ ಟೆಸ್ಟ್ ಆಗಬೇಕು. ನೆಗೆಟಿವ್ ಬಂದವರಿಗೆ ಲಸಿಕೆ. ಮನೆಯಲ್ಲಿ ಬೇರೆ ಇಡಬೇಕಾದ್ದು ಅವನ ರೇಜರ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್. ತಟ್ಟೆ ಲೋಟವನ್ನು ಉಳಿದವರ ಪಾತ್ರೆಗಳ ಜೊತೆಗೇ ತೊಳೆದಿಡಿ.