ತಂಬೂರದ ನಾದದ ನಡುವೆ ಪಟಪಟ ಸದ್ದು ಏಕೆ?

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಶಿಕ್ಷಕಿ. ಅಭ್ಯಾಸದ ವೇಳೆ ಲ್ಯಾಪ್‌ಟಾಪಿನಲ್ಲಿ ತಂಬೂರದ ಶ್ರುತಿ ಹಾಕಿಕೊಳ್ಳುವುದು ರೂಢಿ. ಈಚೆಗೆ ಶ್ರುತಿಯ ನಡುನಡುವೆ ಪಟಪಟ ಎಂಬ ಸದ್ದು ಬರುತ್ತಿದೆ; ಒಮ್ಮೊಮ್ಮೆ ಕ್ಷಣಮಾತ್ರ ನಾದವೇ ತುಂಡಾಗುತ್ತದೆ. ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ 11. ಸ್ಪೀಕರ್ ಹೋಗಿದೆ, ಬದಲಾಯಿಸಬೇಕು ಎಂದು ರಿಪೇರಿ ಅಂಗಡಿಯವರು ಹೇಳಿದರು. ಆದರೆ ಇಯರ್‌ಫೋನ್ ಹಾಕಿಕೊಂಡರೂ ಅದೇ ಸದ್ದು. ಏನು ಮಾಡಲಿ? – ಓದುಗರು, ಮೈಸೂರು

ಉತ್ತರ: ಸ್ಪೀಕರ್ ಬದಲಾಯಿಸಲು ಸದ್ಯಕ್ಕೆ ಒಪ್ಪಬೇಡಿ. ಇಯರ್‌ಫೋನಿನಲ್ಲೂ ಅದೇ ಸದ್ದು ಕೇಳಿಸುತ್ತದೆ ಎಂದು ಬರೆದಿದ್ದೀರಿ. ಇಯರ್‌ಫೋನ್ ಸಿಕ್ಕಿಸಿದ ಮೇಲೆ ಒಳಗಿನ ಸ್ಪೀಕರ್ ಸುಮ್ಮನಾಗಿರುತ್ತದಾದ್ದರಿಂದ ತೊಂದರೆಯ ಮೂಲ ಅದಲ್ಲ ಎನ್ನಲು ಈ ಒಂದು ಮಾತೇ ಸಾಕು. ಸ್ಪೀಕರಿನ ಪೊರೆ ಹರಿದಿದ್ದರೆ ಅಥವಾ ಒಳಗೆ ಧೂಳು ಸೇರಿದ್ದರೆ ಸದ್ದಿನ ಸ್ವಭಾವವೇ ಬೇರೆ ಇರುತ್ತದೆ. ಮೃದಂಗದ ಎಡಭಾಗದ ಗುಮ್ಕಿಯಂಥ ತಗ್ಗಿನ ನಾದ ಬಂದಾಗ, ಅದೂ ವಾಲ್ಯೂಮ್ ಏರಿಸಿದಾಗ, ಗರಗರ ಎನ್ನುತ್ತದೆ. ವಾಲ್ಯೂಮ್ ಇಳಿಸಿದರೆ ಅಡಗುತ್ತದೆ. ನೀವು ವಿವರಿಸಿರುವ ಪಟಪಟ ಸದ್ದಿಗೆ ಸ್ವರದ ಹಂಗೂ ಇಲ್ಲ, ವಾಲ್ಯೂಮಿನ ಹಂಗೂ ಇಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಧ್ವನಿಯು ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ ಎಂಬುದು ನನ್ನ ಅಂದಾಜು. ಕಂಪ್ಯೂಟರಿನೊಳಗೆ ಧ್ವನಿಯು ಸಂಖ್ಯೆಗಳ ಸಾಲಾಗಿ ಸಾಗುತ್ತದೆ. 48,000 ಹರ್ಟ್ಜ್ ಎಂದರೆ ಎಡಕ್ಕೂ ಬಲಕ್ಕೂ ಸೆಕೆಂಡಿಗೆ ತಲಾ 48,000 ಸಂಖ್ಯೆಗಳು. ವಿಂಡೋಸ್ ಇವನ್ನು ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಮ್ಮೆ, ಅಂದರೆ 480 ಸಂಖ್ಯೆಗಳ ಕಂತುಗಳಲ್ಲಿ, ಬಫರ್ ಎಂಬ ತಾತ್ಕಾಲಿಕ ಜಾಗಕ್ಕೆ ತುಂಬುತ್ತಾ ಹೋಗುತ್ತದೆ. ಹಿಂದಿನ ಕಂತು ಮುಗಿಯುವುದರೊಳಗೆ ಮುಂದಿನದು ಬಾರದೆ ಹೋದರೆ ಏರಿಳಿಯುತ್ತಿದ್ದ ತರಂಗವು ನಡುವೆಯೇ ಕಡಿದುಬೀಳುತ್ತದೆ, ಮತ್ತು ಆ ಕಡಿತವೇ ಕಿವಿಗೆ ‘ಟಪ್’ ಎಂದು ಕೇಳಿಸುತ್ತದೆ. ಮಾತಿನಲ್ಲಿ ಇಂಥ ಕಡಿತ ಎಷ್ಟೋ ಸಲ ಗಮನಕ್ಕೆ ಬಾರದೆ ಹೋಗುತ್ತದೆ. ತಂಬೂರದ ಎಡೆಬಿಡದ ನಾದದಲ್ಲಿ ಅದು ಅಡಗಿಕೊಳ್ಳಲು ಜಾಗವೇ ಇಲ್ಲ. ಆದ್ದರಿಂದ ಮುಂದಿನ ಎಲ್ಲ ಪರೀಕ್ಷೆಗೂ ನಿಮ್ಮ ಶ್ರುತಿಯನ್ನೇ ಬಳಸಿ. ಆದರೆ ಅದು ಅಂತರ್ಜಾಲದಿಂದ ನೇರವಾಗಿ ಬರುವುದು ಬೇಡ, ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಂಡ ಕಡತವಾಗಿರಲಿ. ಇಂಟರ್‌ನೆಟ್ ನಿಧಾನವಾದರೆ ಧ್ವನಿ ಪೂರ್ತಿ ನಿಂತು ಕಾಯುತ್ತದೆಯೇ ಹೊರತು ಸಾಮಾನ್ಯವಾಗಿ ಪಟಪಟಿಸುವುದಿಲ್ಲ. ಆ ಎರಡನ್ನೂ ಬೆರೆಸಿಕೊಳ್ಳಬಾರದು.

ಕಂತು ತಡವಾಗುವುದಕ್ಕೆ ಧ್ವನಿಯ ಡ್ರೈವರ್ (ಯಂತ್ರದ ಭಾಗವನ್ನು ವಿಂಡೋಸ್ ಜೊತೆ ಹೊಂದಿಸುವ ತಂತ್ರಾಂಶ) ಒಂದೇ ಕಾರಣವಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ವೈಫೈ, ಗ್ರಾಫಿಕ್ಸ್, ಬ್ಯಾಟರಿ ಮುಂತಾದವುಗಳ ಡ್ರೈವರುಗಳು ತಮ್ಮ ತುರ್ತು ಕೆಲಸಕ್ಕಾಗಿ ಪ್ರೊಸೆಸರನ್ನು ಕ್ಷಣಕಾಲ ತಡೆದು ಹಿಡಿಯುತ್ತವೆ. ತೀರಾ ತುರ್ತಿನ ಭಾಗ ಮುಗಿಸಿ, ಉಳಿದುದನ್ನು ತುಸು ಮುಂದೂಡಿ ಮಾಡುವ ಇಂಥ ಒಂದು ಕೆಲಸ 100 ಮೈಕ್ರೊಸೆಕೆಂಡುಗಳನ್ನು ಮೀರಬಾರದು ಎಂಬುದು ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಕೊಟ್ಟಿರುವ ಸೂಚನೆ. ಅದನ್ನು ಬಹಳವಾಗಿ ಮೀರುವ ಒಂದೇ ಒಂದು ಡ್ರೈವರ್ ಇದ್ದರೂ ಧ್ವನಿಯ ಸರದಿ ಹಿಂದೆ ಬೀಳುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ಶ್ರುತಿ ನುಡಿಯುತ್ತಿರುವಾಗಲೇ ಏರೋಪ್ಲೇನ್ ಮೋಡ್ ಹಾಕಿ, ಐದು ನಿಮಿಷ ಕೇಳಿ. ಪಟಪಟ ನಿಂತರೆ ವೈಫೈ ಡ್ರೈವರಿನ ಮೇಲೆ ಅನುಮಾನಪಡಲು ಒಳ್ಳೆಯ ಕಾರಣ ಸಿಕ್ಕಂತಾಯಿತು. ನಿಲ್ಲದಿದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಪವರ್ ಮೋಡನ್ನು ‘ಬೆಸ್ಟ್ ಪರ್ಫಾರ್ಮೆನ್ಸ್’ಗೆ ಬದಲಾಯಿಸಿ, ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಿ ನೋಡಿ. ಆಮೇಲೆ ‘ಲೇಟೆನ್ಸಿಮಾನ್’ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಿ. ಮನೆಬಳಕೆಗೆ ಅದು ಉಚಿತ. ಹತ್ತು ಹದಿನೈದು ನಿಮಿಷ ಅದನ್ನು ಓಡಲು ಬಿಟ್ಟು, ‘ಡ್ರೈವರ್ಸ್’ ಪುಟದಲ್ಲಿ ಅತಿ ಹೆಚ್ಚು ಸಮಯ ಹಿಡಿದವರು ಯಾರೆಂದು ನೋಡಿ. ಕಡತದ ಹೆಸರು ‘ಎನ್‌ಡಿಐಎಸ್’ ಎಂದಿದ್ದರೆ ಅದು ಜಾಲಕ್ಕೆ, ‘ಎಸಿಪಿಐ’ ಎಂದಿದ್ದರೆ ವಿದ್ಯುತ್ ಮತ್ತು ಬ್ಯಾಟರಿಯ ನಿರ್ವಹಣೆಗೆ ಸಂಬಂಧಿಸಿದ್ದು. ಮೊದಲಿನದಕ್ಕೆ ವೈಫೈ ಡ್ರೈವರನ್ನೂ ಎರಡನೆಯದಕ್ಕೆ ಬಯಾಸನ್ನೂ (ಲ್ಯಾಪ್‌ಟಾಪನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ತಯಾರಕರ ಜಾಲತಾಣದಿಂದಲೇ, ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು, ಹೊಸದಾಗಿ ಹಾಕಿಕೊಳ್ಳಬೇಕು. ಡ್ರೈವರುಗಳನ್ನೆಲ್ಲ ತಾನೇ ಹುಡುಕಿ ಹಾಕುತ್ತೇನೆ ಎಂದು ಜಾಹೀರಾತು ಕೊಡುವ ತಂತ್ರಾಂಶಗಳ ಹತ್ತಿರವೂ ಹೋಗಬೇಡಿ.

ಧ್ವನಿಯ ಕಡೆಗೂ ಎರಡು ತಿದ್ದುಪಡಿಗಳಿವೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸ್ಪೀಕರನ್ನು ಆರಿಸಿ, ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಎಂಬುದನ್ನು ‘ಆಫ್’ ಮಾಡಿ. ಧ್ವನಿಗೆ ಮೆರುಗು ಕೊಡುವ ಈ ಸಂಸ್ಕರಣೆ ಪ್ರತಿ ಕಂತಿನ ಮೇಲೂ ಕೆಲಸ ಮಾಡುತ್ತದಾದ್ದರಿಂದ ಅದು ಎಡವಿದರೂ ಪಟಪಟ ಬರುತ್ತದೆ. ಸಂಗೀತ ಕಲಿಸುವವರಿಗೆ ಈ ಮೆರುಗು ಬೇಕಾಗಿಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಇದರಿಂದಲೂ ಗುಣ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ, ಧ್ವನಿಯ ಚಿಪ್ಪು ತಯಾರಿಸುವ ರಿಯಲ್‌ಟೆಕ್ ಕಂಪನಿಯ ಡ್ರೈವರಿಗೆ ಬದಲಾಗಿ, ವಿಂಡೋಸ್ ಜೊತೆಗೇ ಬರುವ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಎಂಬ ಮೈಕ್ರೋಸಾಫ್ಟ್ ಡ್ರೈವರನ್ನು ಆರಿಸಿ ನೋಡಬಹುದು. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ. ಕಾಣಿಸಿದಲ್ಲಿಯೂ ಒಳಗಿನ ಸ್ಪೀಕರಿನ ಧ್ವನಿ ತುಸು ತೆಳುವಾದಂತೆ ಅನಿಸಬಹುದು. ಇಷ್ಟವಾಗದಿದ್ದರೆ ‘ರೋಲ್ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪ್ರತಿ ಸಲವೂ ಶ್ರುತಿ ಹಾಕಿ ಕೇಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯದೆ, ಮುಂದಿನ ಅಪ್‌ಡೇಟ್ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಹಾಡಿನ ನಡುವೆ ಯಾವ ದೋಷವೂ ಇಲ್ಲ. ಆದರೆ ಯಾವುದೇ ಧ್ವನಿ ಶುರುವಾಗುವ ಮುನ್ನ ಒಂದು ‘ಟಪ್’, ನಿಂತ ಕೆಲವು ಸೆಕೆಂಡುಗಳ ನಂತರ ಇನ್ನೊಂದು ‘ಟಪ್’ ಕೇಳಿಸುತ್ತದೆ. – ಓದುಗರು, ಧಾರವಾಡ

ಉತ್ತರ: ಇದು ವಿದ್ಯುತ್ ಉಳಿತಾಯದ ಪರಿಣಾಮ. ಧ್ವನಿ ಇಲ್ಲದಾಗ ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನೆಲ್ ಧ್ವನಿಯ ಚಿಪ್ಪನ್ನು ಮಲಗಿಸುತ್ತದೆ, ಧ್ವನಿ ಬಂದೊಡನೆ ಎಬ್ಬಿಸುತ್ತದೆ. ಮಲಗುವಾಗಲೂ ಏಳುವಾಗಲೂ ವೋಲ್ಟೇಜ್ ಒಮ್ಮೆಲೇ ಬದಲಾಗುವುದರಿಂದ ಸ್ಪೀಕರ್ ‘ಟಪ್’ ಎನ್ನುತ್ತದೆ. ‘ಎಸ್‌ಎನ್‌ಡಿ ಎಚ್‌ಡಿಎ ಇಂಟೆಲ್’ ಎಂಬ ಕರ್ನೆಲ್ ಮಾಡ್ಯೂಲಿನ (ಧ್ವನಿಯ ಡ್ರೈವರಿನ) ‘ಪವರ್ ಸೇವ್’ ಮೌಲ್ಯವನ್ನು 0 ಮಾಡಿದರೆ ಚಿಪ್ಪು ಎಚ್ಚರವಾಗಿಯೇ ಇರುತ್ತದೆ. ಬ್ಯಾಟರಿ ಉಳಿಸಲೆಂದು ಟಿಎಲ್‌ಪಿ ಹಾಕಿಕೊಂಡಿದ್ದರೆ ಅದು ಈ ಮೌಲ್ಯವನ್ನು ಮತ್ತೆ ಬದಲಿಸಬಲ್ಲದು. ಅದರ ಸೆಟ್ಟಿಂಗಿನಲ್ಲೂ ಧ್ವನಿಯ ಸಾಲನ್ನು 0 ಮಾಡಿ. ಇಷ್ಟಾದರೂ ಸದ್ದು ಉಳಿದರೆ, ಧ್ವನಿ ನಿಂತ 5 ಸೆಕೆಂಡಿಗೆ ಸಾಧನವನ್ನು ಮಲಗಿಸುವ ವೈರ್‌ಪ್ಲಂಬರ್ ಎಂಬ ಧ್ವನಿ ನಿರ್ವಹಣೆಯ ತಂತ್ರಾಂಶದ ಅವಧಿಯನ್ನೂ 0 ಮಾಡಬೇಕು. ಇಲ್ಲಿ 0 ಎಂದರೆ ತಕ್ಷಣ ಮಲಗಿಸು ಎಂದಲ್ಲ, ಮಲಗಿಸಲೇಬೇಡ ಎಂದು. ಬ್ಯಾಟರಿ ಕೊಂಚ ಹೆಚ್ಚು ಖರ್ಚಾದೀತು, ಆದರೆ ದಿನದ ಬಳಕೆಯಲ್ಲಿ ಅದು ತೊಂದರೆಯಾಗುವಷ್ಟಿರುವುದಿಲ್ಲ.

ಪ್ರಶ್ನೆ: ಶಾಲೆಯ ಕಾರ್ಯಕ್ರಮದಲ್ಲಿ ಲ್ಯಾಪ್‌ಟಾಪನ್ನು ಆಂಪ್ಲಿಫೈಯರಿಗೆ ಜೋಡಿಸಿದರೆ ‘ಗುಂಯ್’ ಎಂಬ ಸದ್ದು ನಿಲ್ಲದೆ ಬರುತ್ತದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಚಾರ್ಜರಿನ ಮೂರನೆಯ ಪಿನ್ ಮುರಿದುಬಿಡಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. – ಓದುಗರು, ಹಾಸನ

ಉತ್ತರ: ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಮೂರನೆಯ ಪಿನ್ ಅರ್ಥಿಂಗ್‌ಗಾಗಿ ಇರುವುದು. ಚಾರ್ಜರಿನೊಳಗೆ ಇನ್ಸುಲೇಷನ್ ಕೆಟ್ಟ ದಿನ ಶಾಕ್‌ನಿಂದ ಕಾಪಾಡುವುದು ಅದೇ. ಲ್ಯಾಪ್‌ಟಾಪ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಕಡೆ ಅರ್ಥಿಂಗ್ ಪಡೆದು, ಧ್ವನಿಯ ಕೇಬಲ್ ಮೂಲಕವೂ ಒಂದಕ್ಕೊಂದು ಕೂಡಿಕೊಂಡಾಗ ಒಂದು ಸುತ್ತು ಏರ್ಪಡುತ್ತದೆ, ಮತ್ತು ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಗುಂಯ್‌ಗುಡಿಕೆ ಅದರ ಮೂಲಕ ಧ್ವನಿಯೊಳಗೆ ಸೇರುತ್ತದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ನೋಡಿ. ಆಗಲೂ ನಿಲ್ಲದಿದ್ದರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಪುಟ್ಟ ಸಾಧನವನ್ನು ಧ್ವನಿಯ ಕೇಬಲಿನ ನಡುವೆ ಸೇರಿಸಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಧ್ವನಿಯನ್ನು ದಾಟಿಸಿ, ಸುತ್ತನ್ನು ಕಡಿಯುತ್ತದೆ. ಕಾರ್ಯಕ್ರಮ ನಾಳೆಯೇ ಇದ್ದು ಅದು ಸಿಗದಿದ್ದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಹೋಗಿ, ಚಾರ್ಜರ್ ಇಲ್ಲದೆಯೇ ನಡೆಸಿ.