ಗ್ಯಾಸ್ ಪೈಪಿಗೆ, ನಲ್ಲಿ ಪೈಪಿಗೆ ಅರ್ಥ್ ವೈರ್ ಕಟ್ಟಿಸಬೇಕಾ?

ನೀವು ಕೇಳಿರುವುದು ಇಷ್ಟು. ಕುವೆಂಪುನಗರದಲ್ಲಿ ಮೂವತ್ತು ವರ್ಷದ ಮನೆ, ಗೋಡೆಯೊಳಗೆಲ್ಲ ಜಿಐ (ಸತು ಲೇಪದ ಕಬ್ಬಿಣ) ಪೈಪು, ಈಗ ಅಡುಗೆಮನೆಗೆ ಪೈಪ್ ಗ್ಯಾಸೂ ಬಂದಿದೆ. ಇಂಗ್ಲೆಂಡಿನಿಂದ ರಜಕ್ಕೆ ಬಂದ ಮಗ ಗ್ಯಾಸ್ ಮೀಟರ್ ನೋಡಿ "ಇದಕ್ಕೆ ಹಸಿರು-ಹಳದಿ ವೈರ್ ಯಾಕಿಲ್ಲ?" ಅಂದ. ಎಲೆಕ್ಟ್ರಿಷಿಯನ್ ಕೇಳಿದರೆ "ಅದೆಲ್ಲ ಬೇಡ ಸಾರ್, ಇಲ್ಲಿ ಯಾರೂ ಹಾಕಲ್ಲ" ಅಂದ. ಯಾರ ಮಾತು ಕೇಳೋದು?

ಇಬ್ಬರದೂ ಅರ್ಧರ್ಧ ಸರಿ. ನಾನು ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುವವನು. ಉತ್ತರಕ್ಕೆ ಮುಂಚೆ ಸರಸ್ವತಿಪುರಂನ ಒಂದು ಮನೆಯ ವಿಷಯ ಹೇಳಿಬಿಡುತ್ತೇನೆ. ನಿಮ್ಮದೂ ಅದೇ ಥರದ ಮನೆ ಅನ್ನಿಸುತ್ತಿದೆ.

ಆ ಮನೆಯ ಅಜ್ಜಿ, ಹಿತ್ತಲ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಅಂತ ಒಂದು ವಾರದಿಂದ ಹೇಳುತ್ತಲೇ ಇದ್ದರಂತೆ. ಮನೆಯವರು "ನಿಮಗೆ ಶುಗರ್ ಇದೆಯಲ್ಲ, ಅದಕ್ಕೇ" ಅಂತ ಸುಮ್ಮನಾಗಿಸಿದ್ದರು. ಕೊನೆಗೆ ಮೊಮ್ಮಗಳು ಮುಟ್ಟಿ ಕಿರುಚಿಕೊಂಡ ಮೇಲೆ ನನಗೆ ಫೋನ್ ಬಂತು. ಬೆಳಗ್ಗೆ ಹೊತ್ತು ಮಾತ್ರ ಹಾಗಾಗುತ್ತೆ, ಸಂಜೆ ಏನೂ ಇಲ್ಲ ಅಂದರು. ಅದನ್ನು ಕೇಳಿದಾಗಲೇ ಗೀಸರ್ ಮೇಲೆ ಅನುಮಾನ ಬಂತು. ಆರೂವರೆಗೆ ಹೋಗಿ ಹಿತ್ತಲ ನಲ್ಲಿಗೆ ಟೆಸ್ಟರ್ ಇಟ್ಟೆ, ಉರಿಯಿತು. ಗೀಸರ್ ಸ್ವಿಚ್ ಆಫ್ ಮಾಡಿಸಿದೆ, ಆರಿತು.

ಬಚ್ಚಲುಮನೆಯ ಸಾಕೆಟ್ ಬಿಚ್ಚಿ ನೋಡಿದರೆ ಗೀಸರಿನ ಅರ್ಥ್ ವೈರ್ ಮೀಟರ್ ಬೋರ್ಡಿಗೆ ಹೋಗೇ ಇಲ್ಲ. ಹಿಂದಿನಿಂದ ಹೊರಗೆ ಬಂದು ನೀರಿನ ಜಿಐ ಪೈಪಿಗೆ ಎರಡು ಸುತ್ತು ಸುತ್ತಿ ಮೇಲೆ ಕಪ್ಪು ಟೇಪ್! ಹಳೇ ಮನೆಗಳಲ್ಲಿ ಇದು ಮಾಮೂಲು. ಪೈಪು ನೆಲದೊಳಗೆ ಹೋಗುತ್ತದಲ್ಲ, ಅದೇ ಅರ್ಥ್ ಅಂತ. ಎಷ್ಟೋ ವರ್ಷ ಅದು ನಡೆದೂ ನಡೆದಿತ್ತು. ಆದರೆ ಹದಿನೈದು ದಿನದ ಹಿಂದೆ ಪ್ಲಂಬರ್ ಬಂದು, ನೆಲದಲ್ಲಿ ತುಕ್ಕು ಹಿಡಿದಿದ್ದ ಪೈಪನ್ನು ಕತ್ತರಿಸಿ ಸಿಪಿವಿಸಿ ಹಾಕಿ ಹೋಗಿದ್ದ. ಅವನ ಕೆಲಸ ಚೆನ್ನಾಗೇ ಇತ್ತು, ಅವನ ತಪ್ಪೇನಿಲ್ಲ. ಆದರೆ ಆ ಪ್ಲಾಸ್ಟಿಕ್ ತುಂಡಿನಿಂದ ಗೀಸರಿನ ಅರ್ಥ್ ಕಡಿದುಹೋಯಿತು. ಗೀಸರಿನ ಕಾಯಿಲ್ ಮೊದಲಿನಿಂದಲೂ ಸ್ವಲ್ಪ ಲೀಕ್ ಆಗುತ್ತಿತ್ತು. ಅಲ್ಲಿವರೆಗೆ ಪೈಪಿನಲ್ಲಿ ಇಳಿದು ಮಣ್ಣಿಗೆ ಹೋಗುತ್ತಿದ್ದ ಕರೆಂಟಿಗೆ ಈಗ ದಾರಿ ಇಲ್ಲ, ಎಲ್ಲ ನಲ್ಲಿಗಳಲ್ಲೂ ನಿಂತುಕೊಂಡಿತು. ಚಪ್ಪಲಿ ಹಾಕಿಕೊಂಡು ಓಡಾಡುವವರಿಗೆ ಗೊತ್ತಾಗಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಅಜ್ಜಿಯ ಮೈಯೇ ದಾರಿಯಾಯಿತು. ಕಾಯಿಲ್‌ನಲ್ಲಿ ಇದ್ದದ್ದು ಕೂದಲೆಳೆಯಷ್ಟು ಬಿರುಕು, ಬಚಾವಾದರು.

ಆದ್ದರಿಂದ ಇದೊಂದನ್ನು ಬೆರೆಸಿಕೊಳ್ಳಬೇಡಿ: ಪೈಪಿಗೆ ಅರ್ಥ್ ಕೊಡುವುದು ಬೇರೆ, ಪೈಪಿನಿಂದ ಅರ್ಥ್ ತೆಗೆದುಕೊಳ್ಳುವುದು ಬೇರೆ. ನಿಮ್ಮ ಮಗ ಹೇಳುತ್ತಿರುವುದು ಮೊದಲನೆಯದು, ಅದಕ್ಕೆ ಬಾಂಡಿಂಗ್ ಅನ್ನುತ್ತಾರೆ. ಒಂದು ಕೈ ಗೀಸರ್ ಮೇಲೆ, ಇನ್ನೊಂದು ಕೈ ನಲ್ಲಿ ಮೇಲೆ ಇದ್ದಾಗ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ತಾನೇ ಶಾಕ್? ಎರಡನ್ನೂ ದಪ್ಪ ತಂತಿಯಲ್ಲಿ ಸೇರಿಸಿಬಿಟ್ಟರೆ ಏರಿದರೂ ಒಟ್ಟಿಗೇ ಏರುತ್ತವೆ, ಕೈಗೆ ವ್ಯತ್ಯಾಸ ಸಿಗುವುದಿಲ್ಲ.

ಹಾಗಾದರೆ ಇಂಗ್ಲೆಂಡಿನಲ್ಲಿ ಅಷ್ಟು ಕಟ್ಟುನಿಟ್ಟು ಯಾಕೆ? ಅಲ್ಲಿ ಬಹಳಷ್ಟು ಮನೆಗಳಿಗೆ ಬೀದಿಯ ಕೇಬಲ್ಲಿನಲ್ಲೇ ಅರ್ಥೂ ಬರುತ್ತದೆ. ನ್ಯೂಟ್ರಲ್ಲೂ ಅರ್ಥೂ ಒಂದೇ ತಂತಿ. ಆ ತಂತಿ ಬೀದಿಯಲ್ಲೆಲ್ಲೋ ಕಡಿದರೆ ಮನೆಯಲ್ಲಿ ಅರ್ಥ್ ಆಗಿರುವ ಲೋಹವೆಲ್ಲ ಶಾಕ್ ಹೊಡೆಯುತ್ತದೆ. ನೆಲದಿಂದ ಬಂದ ಪೈಪು ಮಾತ್ರ ಸೊನ್ನೆಯಲ್ಲೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 10 ಚದರ ಮಿ.ಮೀ. ತಾಮ್ರದ ವೈರು, ಗ್ಯಾಸ್ ಮೀಟರ್ ದಾಟಿದ 600 ಮಿ.ಮೀ. ಒಳಗೆ, ಪೈಪು ಕವಲೊಡೆಯುವ ಮುಂಚೆ ಕ್ಲಾಂಪ್ ಅಂತ ನಿಯಮ. ನಮ್ಮ ಕಡೆ ಕಂಬದಿಂದ ಮನೆಗೆ ಬರುವುದು ಫೇಸು, ನ್ಯೂಟ್ರಲ್ಲು. ಅರ್ಥ್ ಮಾತ್ರ ನಮ್ಮದೇ ಅಂಗಳದ ಅರ್ಥಿಂಗ್ ಗುಂಡಿಯದ್ದು, ಅಂದರೆ ಅಲ್ಲಿ ಹೂತಿರುವ ಲೋಹದ ಪೈಪಿನದ್ದು. ಗುಂಡಿ ಸರಿ ಇದ್ದರೆ ಅರ್ಥ್ ಉಂಟು, ಇಲ್ಲದಿದ್ದರೆ ಇಲ್ಲ.

ಈ ಗುಂಡಿಯ ಲೆಕ್ಕ ಸ್ವಲ್ಪ ನೋಡಿ. ಮಣ್ಣಿಗೆ ಇಳಿಯುವ ಕರೆಂಟಿಗೆ ನಿಮ್ಮ ಗುಂಡಿ ಒಡ್ಡುವ ತಡೆ (ರೆಸಿಸ್ಟೆನ್ಸ್) 20 ಓಮ್ ಇದೆ ಅಂದುಕೊಳ್ಳಿ. ಗೀಸರಿನಲ್ಲಿ ಫೇಸ್ ನೇರವಾಗಿ ಬಾಡಿಗೆ ತಾಗಿತು. 230 ಭಾಗಿಸು 20, ಹನ್ನೊಂದೂವರೆ ಆಂಪ್. ಗೀಸರಿನ ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್, 16 ಆಂಪಿನದು, ಅದು ಅಲುಗಾಡುವುದೂ ಇಲ್ಲ. ಗೀಸರ್ ಬಾಡಿ ಹೆಚ್ಚೂಕಮ್ಮಿ 230 ವೋಲ್ಟಿನಲ್ಲಿ ಆರಾಮಾಗಿ ಕೂತಿರುತ್ತದೆ. ಇಂಥ ಮನೆಯಲ್ಲಿ ಮಗನ ಮಾತು ಕೇಳಿ ಬರೀ ಬಾಂಡಿಂಗ್ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. ಒಳಗಿರುವವರಿಗೆ ಪರವಾಗಿಲ್ಲ. ಆದರೆ ಅದೇ ವೋಲ್ಟೇಜನ್ನು ಹಿತ್ತಲ ನಲ್ಲಿಗೂ ನೀವೇ ವೈರ್ ಎಳೆದು ಕಳಿಸಿದ ಹಾಗಾಯಿತು, ಅಲ್ವಾ? ಹೊರಗೆ ಮಣ್ಣಿನ ಮೇಲೆ ನಿಂತು ಗಿಡಕ್ಕೆ ನೀರು ಹಾಕುವವರ ಗತಿ ಏನು?

ಅದಕ್ಕೇ ನಿಮ್ಮ ಮನೆ ನನ್ನ ಕೈಗೆ ಬಂದರೆ ಪೈಪಿನ ತಂಟೆಗೆ ಮೊದಲು ಹೋಗುವುದಿಲ್ಲ. 30 ಮಿಲಿ ಆಂಪ್ ಆರ್‌ಸಿಸಿಬಿ ಇದೆಯಾ ನೋಡುತ್ತೇನೆ. ಅಂಗಡಿಯಲ್ಲಿ ಈಗಲೂ ಇಎಲ್‌ಸಿಬಿ ಅಂತಲೇ ಕೇಳುತ್ತಾರೆ. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ತಾಳೆ ಆಗದಿದ್ದರೆ ಅದು ಬಿದ್ದುಬಿಡುತ್ತದೆ. ಮೇಲಿನ ಲೆಕ್ಕದ ಹನ್ನೊಂದೂವರೆ ಆಂಪ್ ಇರಲಿ, 0.03 ಆಂಪ್ ಸಾಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಾಯಿಸಿ. ಹಾಕಿಸಿದ ದಿನದಿಂದ ಪದೇ ಪದೇ ಬೀಳುತ್ತದೆ ಅಂತ ಕೆಲವರು ಅದನ್ನು ಬೈಪಾಸ್ ಮಾಡಿಸುತ್ತಾರೆ. ಎಲ್ಲೋ ಲೀಕ್ ಇದೆ ಅಂತ ಅದು ಬಾಯಿಬಿಟ್ಟು ಹೇಳುತ್ತಿದ್ದರೆ ಅದರ ಬಾಯಿಗೇ ಬೀಗ!

ಆಮೇಲೆ ಗುಂಡಿ. ಅರ್ಥಿಂಗ್ ಬಗ್ಗೆ ಇರುವ ನಮ್ಮ ದೇಶದ ಮಾನದಂಡ ಐಎಸ್ 3043 ಪ್ರಕಾರ ಎರಡೂವರೆ ಮೀಟರ್ ಉದ್ದದ ಜಿಐ ಪೈಪು ನೆಲದೊಳಗೆ ಇಳಿದಿರಬೇಕು. ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೇ ಪದ್ಧತಿ. ನಿಮ್ಮ ಗುಂಡಿ ಎಲ್ಲಿದೆ ಅಂತ ಗೊತ್ತಾ? ಪೋರ್ಟಿಕೋಗೆ ಟೈಲ್ಸ್ ಹಾಕಿಸುವಾಗ ಅದರ ಮೇಲೇ ಸಿಮೆಂಟ್ ಎಳೆದಿರುವ ಮನೆಗಳು ನನಗೆ ಎಷ್ಟೋ ಸಿಕ್ಕಿವೆ. ಹುಡುಕಿಸಿ, ಅರ್ಥ್ ಟೆಸ್ಟರ್‌ನಲ್ಲಿ ಅಳೆಸಿ. ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹುಯ್ಯಿರಿ.

ಇವೆರಡು ಆದ ಮೇಲೆ ಬಾಂಡಿಂಗ್ ಧಾರಾಳವಾಗಿ ಮಾಡಿಸಿ. ಜಿಐ ಪೈಪು ಮನೆಯೊಳಗೆ ಬರುವ ಕಡೆ ಬಣ್ಣ, ತುಕ್ಕು ಉಜ್ಜಿ ತೆಗೆದು ಸರಿಯಾದ ಕ್ಲಾಂಪ್ ಹಾಕಿ, ಕನಿಷ್ಠ 6 ಚದರ ಮಿ.ಮೀ. ತಾಮ್ರದ ವೈರನ್ನು ಮೀಟರ್ ಬೋರ್ಡಿನ ಅರ್ಥ್ ಬಾರಿಗೆ (ಅರ್ಥ್ ವೈರ್‌ಗಳೆಲ್ಲ ಸೇರುವ ಲೋಹದ ಪಟ್ಟಿ) ತರಬೇಕು. ಸುತ್ತಿ ಟೇಪ್ ಹಾಕುವುದು ಲೆಕ್ಕಕ್ಕಿಲ್ಲ. ಬಚ್ಚಲುಮನೆಯಲ್ಲಿ ಬಿಸಿನೀರು, ತಣ್ಣೀರು ಪೈಪುಗಳನ್ನೂ ಗೀಸರಿನ ಅರ್ಥನ್ನೂ 4 ಚದರ ಮಿ.ಮೀ. ವೈರಿನಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು. ಪೈಪು ಪೂರ್ತಿ ಸಿಪಿವಿಸಿ ಆಗಿದ್ದರೆ ಪೈಪಿಗೆ ಈ ಬಾಂಡಿಂಗ್ ಬೇಡ, ಗೀಸರಿಗೆ ಅರ್ಥ್ ಇದ್ದರೆ ಆಯಿತು. ತಾರಸಿ ಮೇಲೆ ಸೋಲಾರ್ ಇದ್ದರೆ ಅದರ ಬ್ಯಾಕಪ್ ಕಾಯಿಲ್‌ಗೆ ಮೂರನೇ ವೈರ್ ಹೋಗಿದೆಯಾ ಅಂತಲೂ ನೋಡಿಸಿ. ಎರಡೇ ವೈರ್ ಎಳೆದು ಕೈ ತೊಳೆದುಕೊಳ್ಳುವವರು ಇದ್ದಾರೆ.

ಇನ್ನು ಗ್ಯಾಸ್. ಪೈಪ್ ಗ್ಯಾಸ್ ಬೀದಿಯಿಂದ ನೆಲದಡಿ ಬರುವುದು ಪ್ಲಾಸ್ಟಿಕ್ ಪೈಪಿನಲ್ಲಿ. ಗೋಡೆ ಹತ್ತಿರ ಮೇಲೆದ್ದ ಮೇಲೆ ಹಳದಿ ಬಣ್ಣದ ಜಿಐ. ಹಾಗಾಗಿ ಒಳಗಿನ ಪೈಪಿಗೆ ಮಣ್ಣಿನ ಸಂಬಂಧ ಹೆಚ್ಚಿಗೆ ಇರುವುದಿಲ್ಲ. ಮಗನಿಗೆ ಇದನ್ನು ಹೇಳಿ: ಅವರ ದೇಶದಲ್ಲೇ ಪೈಪಿಗೂ ಅರ್ಥ್ ಬಾರಿಗೂ ನಡುವೆ ಅಳೆದು 22 ಕಿಲೋ ಓಮ್‌ಗಿಂತ ಜಾಸ್ತಿ ಬಂದರೆ ಬಾಂಡಿಂಗ್ ಬೇಡ ಅನ್ನುವ ಪದ್ಧತಿ ಇದೆ. ನಿಮ್ಮಲ್ಲಿ ಅಳತೆ ಕಮ್ಮಿ ಬಂದರೆ, ಇಲ್ಲವೇ ಪೈಪು ಚಿಮಣಿ ಬಾಡಿಗೋ ವೈರಿಂಗ್‌ಗೋ ತಾಗಿಕೊಂಡು ಹೋಗಿದ್ದರೆ, ಮೀಟರ್ ದಾಟಿದ ಮೇಲೆ ಒಂದು ಕ್ಲಾಂಪ್ ಹಾಕಿಸಿ. ಗ್ಯಾಸಿನವರಿಗೆ ತಿಳಿಸದೆ ಬೇಡ. ಆ ಪೈಪಿನ ಹತ್ತಿರ ಡ್ರಿಲ್ಲು, ವೆಲ್ಡಿಂಗ್ ಏನೂ ಬೇಡ. ಸಿಲಿಂಡರ್, ರಬ್ಬರ್ ಟ್ಯೂಬ್ ಇರುವ ಮನೆಗಾದರೆ ಈ ಪ್ರಶ್ನೆಯೇ ಇಲ್ಲ.

ಮತ್ತೆ, ಗ್ಯಾಸ್ ಪೈಪಿನಿಂದ ಮಾತ್ರ ಯಾವ ಕಾರಣಕ್ಕೂ ಅರ್ಥ್ ತೆಗೆಯಬಾರದು. ಕರೆಂಟ್ ಹರಿಯುತ್ತಿರುವ ಪೈಪಿನ ಜಾಯಿಂಟ್ ಬಿಚ್ಚಿದಾಗ ಕಿಡಿ ಹಾರುತ್ತದೆ, ಒಳಗಿರುವುದು ಗ್ಯಾಸ್.

ನಿಮ್ಮ ಡಿಬಿ ಬಾಕ್ಸ್ (ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಮುಚ್ಚಳ ತೆಗೆಯದೆ ಹೊರಗಿನಿಂದಲೇ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಆರ್‌ಸಿಸಿಬಿ ಇದೆಯೋ, ಬರೀ ಎಂಸಿಬಿಯೋ ಹೇಳುತ್ತೇನೆ. ಅಲ್ಲಿವರೆಗೆ ಗೀಸರ್ ಆಫ್ ಮಾಡಿಯೇ ಸ್ನಾನಕ್ಕೆ ಹೋಗಿ.