ಜನವರಿಯ ಮೂರು ದಿನದಲ್ಲಿ ಕೊಲ್ಲಿಯ ಕಪ್ಪೆ ಸಿಗುವುದಿಲ್ಲ

ಪ್ರಶ್ನೆ: ನಮ್ಮ ತೋಟದ ಪಕ್ಕದ 14 ಎಕರೆ ಇಳಿಜಾರಿನಲ್ಲಿ ರೆಸಾರ್ಟ್ ಬರುತ್ತದಂತೆ. ಮೇಲೆ ಹುಲ್ಲು, ಕೆಳಗೆ ಮರಗಾಡು, ನಡುವೆ ವರ್ಷವಿಡೀ ನೀರಿರುವ ಕೊಲ್ಲಿ (ಬೆಟ್ಟದ ತೊರೆ). ಜನವರಿಯಲ್ಲಿ ಮೂರು ದಿನ ಸಮೀಕ್ಷೆ ಮಾಡಿ ‘ಅಪರೂಪದ ಪ್ರಭೇದ ಯಾವುದೂ ಕಂಡುಬಂದಿಲ್ಲ’ ಎಂದು ವರದಿ ಕೊಟ್ಟಿದ್ದಾರೆ. ನಂಬಬಹುದೇ ಸರ್?
– ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಂಬಬೇಡಿ. ಊರು ಬೇರೆ ಬೇರೆ, ಆದರೆ ನನಗೆ ಬರುವ ವರದಿಗಳಲ್ಲಿ ವಾಕ್ಯ ಮಾತ್ರ ಇದೇ. ‘ಕಂಡುಬಂದಿಲ್ಲ’ ಎನ್ನುವವರು ಯಾವ ತಾರೀಖು, ಎಷ್ಟು ಹೊತ್ತಿಗೆ, ಎಷ್ಟು ಜನ, ಯಾವ ದಾರಿಯಲ್ಲಿ ಹುಡುಕಿದರು ಎಂದು ಬರೆದಿರಬೇಕು. ಮೊದಲು ಆ ಪುಟ ತೆಗೆದು ನೋಡಿ. ಅದು ಇಲ್ಲದಿದ್ದರೆ ಉಳಿದ ಪುಟಗಳಿಗೆ ಬೆಲೆಯಿಲ್ಲ.

ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ಪದ್ಧತಿ ಪರಿಸರ ಅಧ್ಯಯನಗಳಲ್ಲಿ ಬೇರೂರಿದೆ. ಗಾಳಿಯಲ್ಲಿರುವ ದೂಳು ಅಳೆಯಲು ಅದು ಸರಿ. ಕೊಡಗಿನ ಕಪ್ಪೆಗೆ ಅದೇ ಪದ್ಧತಿ ಹಚ್ಚಿದರೆ ಕಪ್ಪೆಯೇ ಇಲ್ಲ ಎಂದಾಗುತ್ತದೆ. ಉಗುರಿನಷ್ಟೇ ಗಾತ್ರದ ಪೊದೆಗಪ್ಪೆಗಳು ಕೂಗಲು ಶುರುಮಾಡುವುದು ಮಳೆ ಹಿಡಿದ ಮೇಲೆ. ಇವುಗಳಿಗೆ ಕೆರೆ ಬೇಡ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ, ಗೊದಮೊಟ್ಟೆಯ ಹಂತವೇ ಇಲ್ಲ. ಹಾಗಾಗಿ ‘ಜಾಗದಲ್ಲಿ ಕೆರೆಯಿಲ್ಲ, ಕಪ್ಪೆಯೂ ಇಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಕೊಲ್ಲಿಯ ಇರುಳುಗಪ್ಪೆಯ ಕಥೆ ಬೇರೆ. ಹರಿವ ನೀರಿನ ಮೇಲೆ ಬಾಗಿದ ಎಲೆ ಅಥವಾ ಒದ್ದೆ ಬಂಡೆಯ ಮೇಲೆ ಮೊಟ್ಟೆಯಿಡುತ್ತದೆ, ಮರಿ ಕೆಳಗಿನ ನೀರಿಗೆ ಬೀಳುತ್ತದೆ. ‘ಕೊಲ್ಲಿಗೆ ಕೈಹಚ್ಚುವುದಿಲ್ಲ, ದಡದ ಪೊದೆ ಮಾತ್ರ ಸವರುತ್ತೇವೆ’ ಎಂದು ಅವರು ಬರೆದಿದ್ದರೆ, ಸವರುವುದು ಮೊಟ್ಟೆಯಿಡುವ ಜಾಗವನ್ನೇ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಎರಡು ಮೂರು ವಾರಗಳ ಅಂತರದಲ್ಲಿ ಕನಿಷ್ಠ ಮೂರು ರಾತ್ರಿ ಸಮೀಕ್ಷೆ ಕೇಳಿ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಜಡಿಮಳೆಯಲ್ಲಿ ಒಂದಾದರೂ ಇರಲಿ. ಸಂಜೆ 7ರಿಂದ 10, ಇಬ್ಬರು, ಕೊಲ್ಲಿಯ 100 ಮೀಟರ್ ಉದ್ದವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನಡೆಯಬೇಕು. ಮೊದಲು ಟಾರ್ಚ್ ಆರಿಸಿ ಕೂಗು ರೆಕಾರ್ಡ್ ಮಾಡಿ, ಆಮೇಲೆ ಹುಡುಕಬೇಕು. ಬೆನ್ನಿನ ಒಂದು ಫೋಟೊ ಸಾಲದು. ಪಕ್ಕ, ತೊಡೆಸಂದಿಯ ಬಣ್ಣ, ಕಾಲ್ಬೆರಳ ನಡುವಿನ ಪೊರೆ ಇವೂ ಬೇಕು. ಇವಿಲ್ಲದೆ ಪ್ರಭೇದದ ಹೆಸರು ಬರೆದಿದ್ದರೆ ಅದು ಊಹೆ. ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು ತೊಳೆದು ಒಣಗಿಸಿ. ಕಪ್ಪೆಗಳ ಶಿಲೀಂಧ್ರ ರೋಗ ಹೀಗೂ ಹರಡುತ್ತದೆ.

ನೀರುನಾಯಿಗೆ ಲೆಕ್ಕ ತಿರುಗಾಮುರುಗಾ. ಅದಕ್ಕೆ ಬೇಸಿಗೆ ಬೇಕು, ಮಳೆಯಲ್ಲಿ ಗುರುತು ತೊಳೆದುಹೋಗುತ್ತದೆ. ಕೊಲ್ಲಿ ನಡುವಿನ ಚಪ್ಪಟೆ ಬಂಡೆಗಳ ಮೇಲೆ ಹಿಕ್ಕೆ ಹುಡುಕಿ, ಕಡ್ಡಿಯಿಂದ ಬಿಡಿಸಿ ನೋಡಿ. ಹೆಚ್ಚೂಕಡಿಮೆ ಪೂರ್ತಿ ಏಡಿಚಿಪ್ಪಿನ ಚೂರೇ ಇದ್ದರೆ ಕಿರುಉಗುರಿನ ನೀರುನಾಯಿ ಇರಬಹುದು, ಮೀನಿನ ಹುರುಪೆ ತುಂಬಿದ್ದರೆ ದೊಡ್ಡ ಜಾತಿಯದು. ಜನವರಿಯಲ್ಲಿ ಬಂದವರು ಇದನ್ನಾದರೂ ನೋಡಬಹುದಿತ್ತು.

ಮೇಲಿನ ಹುಲ್ಲನ್ನು ವರದಿಯಲ್ಲಿ ‘ಬಂಜರು’ ಎಂದಿದ್ದರೆ ಅಲ್ಲೇ ಆಕ್ಷೇಪಿಸಿ. ನೆಲದ ಆರ್ಕಿಡ್, ಕರ್ಣಕುಂಡಲದ ಜಾತಿಗಳು ಹೂ ಬಿಡುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ಜನವರಿಯಲ್ಲಿ ಅಲ್ಲಿ ಕಾಣುವುದು ಒಣಹುಲ್ಲು. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ ಗುಡ್ಡ ತುಂಬ ಅರಳಿದ ಕುರಿಂಜಿ ಹೂವಿಲ್ಲದ ವರ್ಷಗಳಲ್ಲಿ ಬರೀ ಕುರುಚಲು ಪೊದೆ. ಆಗಸ್ಟ್–ಅಕ್ಟೋಬರ್‌ನಲ್ಲಿ 1×1 ಮೀಟರ್ ಚೌಕಗಳನ್ನು ಹಾಕಿ ಎಣಿಸಬೇಕು. ಮರಗಾಡಿಗೆ 20×20 ಮೀಟರ್ ಚೌಕ, ಎದೆಮಟ್ಟದಲ್ಲಿ 30 ಸೆಂ.ಮೀ. ಸುತ್ತಳತೆ ಮೀರಿದ ಪ್ರತಿ ಮರಕ್ಕೂ ನಂಬರು. ಅದರ ಜೊತೆ ಸಸಿಗಳನ್ನೂ ಎಣಿಸಿರಬೇಕು.

ಇನ್ನೊಂದು ಪರೀಕ್ಷೆ ಹತ್ತು ನಿಮಿಷದ್ದು. ವರದಿಯಲ್ಲಿ ಸುತ್ತಲಿನ 10 ಕಿ.ಮೀ. ವ್ಯಾಪ್ತಿಯ ಪ್ರಭೇದಗಳ ಪಟ್ಟಿ ಮತ್ತು ಈ 14 ಎಕರೆಯ ಪಟ್ಟಿ ಬೇರೆ ಬೇರೆ ಇವೆಯೇ ನೋಡಿ. ಪಟ್ಟಿಯಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆ ಇದ್ದರೆ ಅದು ಬೇರೆ ವರದಿಯಿಂದ ಎತ್ತಿದ್ದು. ಆ ಪ್ರಾಣಿ ಇರುವುದು ಕೇರಳ, ತಮಿಳುನಾಡಿನಲ್ಲಿ, ಕೊಡಗಿನಲ್ಲಿಲ್ಲ.

ಆಕ್ಷೇಪ ಎಲ್ಲಿ ಸಲ್ಲಿಸಬೇಕು ಎಂದೂ ಹೇಳಿಬಿಡುತ್ತೇನೆ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕಾಗುವುದು 20,000 ಚದರ ಮೀಟರ್ ನಿರ್ಮಾಣದಿಂದ ಮೇಲೆ. ರೆಸಾರ್ಟ್ ಅದಕ್ಕಿಂತ ಚಿಕ್ಕದಾದರೆ ಭೂಪರಿವರ್ತನೆ ಅರ್ಜಿಯ ಹಂತದಲ್ಲೇ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ಕೊಡಿ. ದಿನಾಂಕ, ಜಿಪಿಎಸ್, ಫೋಟೊ ಜೊತೆಗಿರಲಿ. ಅದರ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಆರ್ಕಿಡ್ ಇರುವ ಜಾಗ, ನೀರುನಾಯಿಯ ಬಿಲ ಇವುಗಳ ಜಿಪಿಎಸ್ ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಕೀಳುವವರು, ಹಿಡಿಯುವವರು ಅದೇ ಗುಂಪಿನಲ್ಲಿರಬಹುದು.

ಪ್ರಶ್ನೆ: ಕಾಫಿ ತೋಟ ಕಾಡಲ್ಲ, ಅಲ್ಲಿ ಸಮೀಕ್ಷೆ ಏಕೆ?
ಉತ್ತರ: ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆಯಿಡಲು ಸೇರಿಕೊಳ್ಳುವ ಪೊಟರೆ ಹಳೆಯ ನೆರಳುಮರದಲ್ಲಿರುತ್ತದೆ, ಅದಕ್ಕೆ.

ಪ್ರಶ್ನೆ: ಡ್ರೋನ್ ಹಾರಿಸಿದರೆ ಸಾಲದೇ?
ಉತ್ತರ: ಸಾಲದು. ಅದಕ್ಕೆ ಮರದ ನೆತ್ತಿ ಕಾಣುತ್ತದೆ, ಬುಡ ಕಾಣುವುದಿಲ್ಲ.

ಪ್ರಶ್ನೆ: ಒಂದು ಮರ ಕಡಿದು ಹತ್ತು ಗಿಡ ನೆಟ್ಟರೆ ಸರಿಹೋಗುತ್ತದಲ್ಲವೇ?
ಉತ್ತರ: ಇಲ್ಲ. ಹತ್ತು ಸಿಲ್ವರ್ ಓಕ್ ಸೇರಿದರೂ ಒಂದು ಹಳೆಯ ಧೂಪದ ಮರವಾಗುವುದಿಲ್ಲ. ಹುಲ್ಲುಗಾವಲಿನಲ್ಲಿ ಗಿಡ ನೆಟ್ಟರಂತೂ ಅದು ಎರಡನೇ ಹಾನಿ.

ಪ್ರಶ್ನೆ: ‘ಈ ಜಾಗದಲ್ಲಿ ವನ್ಯಜೀವಿ ಇಲ್ಲ’ ಎಂದು ಒಬ್ಬರು ಹಣ ಪಡೆದು ಸರ್ಟಿಫಿಕೇಟ್ ಕೊಡುತ್ತಾರಂತೆ, ನಡೆಯುತ್ತದೆಯೇ?
ಉತ್ತರ: ಅಂಥ ಸರ್ಟಿಫಿಕೇಟೇ ಇಲ್ಲ. ಮಾರುವವರು ಮೋಸಗಾರರು, ದುಡ್ಡು ಕೊಡಬೇಡಿ.

ಪ್ರಶ್ನೆ: ರಾತ್ರಿ ಸಮೀಕ್ಷೆ ನಾವೇ ಮಾಡಬಹುದೇ?
ಉತ್ತರ: ನಿಮ್ಮ ಸ್ವಂತ ಜಾಗದಲ್ಲಿ ಮಾಡಬಹುದು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡಬೇಡಿ. ಯಾವ ಜೀವಿಯನ್ನೂ ಹಿಡಿದು ಬಾಟಲಿಗೆ ಹಾಕಬೇಡಿ. ಆ ವಾರ ಆನೆ ಸುಳಿದಿದ್ದರೆ ಸಮೀಕ್ಷೆ ಮುಂದೂಡಿ. ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಥವಾ ಮಳೆ ಸುರಿಯುತ್ತಿದ್ದರೂ ನೀರು ಇಳಿದರೆ, ಮೇಲೆ ಬರೆ (ಗುಡ್ಡದ ಮಣ್ಣು) ಕುಸಿದಿರಬಹುದು. ಕಪ್ಪೆಯನ್ನು ಬಿಟ್ಟು ತಕ್ಷಣ ಕೊಲ್ಲಿಯಿಂದ ಪಕ್ಕಕ್ಕೆ, ಎತ್ತರದ ಜಾಗಕ್ಕೆ ಹತ್ತಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿದೆ.